ಟೈಲರಮ್ಮನ ಹನ್ನೊಂದು ಕಂಬ

ಇಪ್ಪತ್ತಾರು ವರ್ಷ ತುಳಿದಳು ಟೈಲರಮ್ಮ, ಒಂದು ಗೇಣೂ ಮುಂದೆ ಹೋಗಲಿಲ್ಲ. ಇದು ಹೊಲಿಗೆ ಮೆಷಿನ್ನಿನ ಮಾತು, ಬೇರೇನೂ ಅಂದುಕೊಳ್ಳಬೇಡಿ. ಇಪ್ಪತ್ತನೇ ವಯಸ್ಸಿಗೆ ಸೊಸೆಯಾಗಿ ಆ ಮನೆಗೆ ಬಂದವಳನ್ನು ಅತ್ತೆ ಮೂರನೇ ದಿನವೇ ಬೀದಿಗೆ ತೆರೆದುಕೊಂಡ ಅಂಗಡಿ ಕೋಣೆಯಲ್ಲಿ ಮರದ ಸ್ಟೂಲಿನ ಮೇಲೆ ಕೂರಿಸಿ, "ಹೂಂ, ತುಳಿ" ಅಂದಿದ್ದರು. ಅಂದಿನಿಂದ ತುಳಿದದ್ದೇ ತುಳಿದದ್ದು. ಶಾಲೆ ಮಕ್ಕಳ ಯೂನಿಫಾರ್ಮು, ನರ್ಸುಗಳ ಕೋಟು, ಆಫೀಸಿನವರ ಪ್ಯಾಂಟು, ಕಿಟಕಿಗಳ ಪರದೆ, ಒಮ್ಮೆ ಒಂದು ಮುದಿ ನಾಯಿಗೆ ಚಳಿಗಾಲದ ಅಂಗಿ. ದಾರ ಓಡಿತು, ಸೂಜಿ ಓಡಿತು, ಚಕ್ರ ಓಡಿತು. ಟೈಲರಮ್ಮ ಮಾತ್ರ ಅದೇ ಕಿಟಕಿಯ ಪಕ್ಕ, ಅದೇ ಸ್ಟೂಲಿನ ಮೇಲೆ ಕೂತೇ ಇದ್ದಳು.

ಅತ್ತೆಯ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಅವರಿಗೀಗ ಎಪ್ಪತ್ತನಾಲ್ಕು. ಮೆಷಿನ್ ಬಿಟ್ಟು ಕೈಹೊಲಿಗೆಗೆ ಇಳಿದಿದ್ದಾರೆ: ಗುಂಡಿ, ಕಾಜಾ, ಅಂಚು, ರಿಪೇರಿ. ಹಳೇ ಬಟ್ಟೆ ಕೈಗೆ ಬಂದರೆ ಸಾಕು, ಅದನ್ನು ಬೆಳಕಿಗೆ ಹಿಡಿದು ತೊಟ್ಟವನ ಜಾತಕ ಓದುತ್ತಾರೆ. "ಈ ಪ್ಯಾಂಟಿನವನು ಕುರ್ಚಿ ತುದೀಲಿ ಕೂರ್ತಾನೆ, ಸಾಹೇಬ್ರಿಗೆ ಹೆದರ್ತಾನೆ ಪಾಪ." "ಇವನು ಎಡಗಾಲ ಮೇಲೆ ಬಲಗಾಲು ಹಾಕೋನು, ಮಹಾ ಜಂಭದ ಕೋಳಿ." ಬಟ್ಟೆ ಸವೆಯುವುದು ಮನುಷ್ಯ ಬದುಕಿದ ಕಡೆಯಲ್ಲೇ ಎಂಬುದು ಅವರ ಸಿದ್ಧಾಂತ. ಇದುವರೆಗೂ ಅವರ ಮಾತು ತಪ್ಪಾದದ್ದನ್ನು ಯಾರೂ ಕಂಡಿಲ್ಲ.

ಹೀಗಿರುವಾಗ ನಲವತ್ತಾರನೇ ವಯಸ್ಸಿನಲ್ಲಿ ಟೈಲರಮ್ಮನಿಗೆ ಒಂದು ಸೈಕಲ್ ಗಂಟುಬಿತ್ತು. ಪಕ್ಕದ ಬೀದಿಯ ಟೀಚರು ಮನೆ ಖಾಲಿ ಮಾಡುವಾಗ, "ಲಾರೀಲಿ ಜಾಗ ಇಲ್ಲ, ನೀವೇ ಇಟ್ಕೊಳ್ಳಿ" ಎಂದು ಅಂಗಡಿಯ ಗೋಡೆಗೆ ಒರಗಿಸಿ ಹೊರಟೇಹೋದರು. ಹಸಿರು ಬಣ್ಣ, ಮುಂದೆ ಬುಟ್ಟಿ, ಏಳು ಗೇರು, ಹಿಡಿಯ ಮೇಲೆ ಬಟ್ಟಲಿನಷ್ಟು ದೊಡ್ಡ ಗಂಟೆ. ಎರಡು ದಿನ ಅವಳು ಅದನ್ನು ಓರೆಗಣ್ಣಿನಿಂದ ನೋಡಿದಳು. ಮೂರನೇ ದಿನ ತಡೆಯಲಾರದೆ, ಬಸ್ ಓಡಿಸಿ ಆಗಷ್ಟೇ ಮನೆಗೆ ಬಂದಿದ್ದ ಗಂಡನ ಕೈಗೆ ಸ್ಪ್ಯಾನರ್ ಕೊಟ್ಟಳು.

"ರೀ, ಸೀಟು ಇಳಿಸಿ."

"ಎಷ್ಟು?"

"ಮೆಷಿನ್ ಮುಂದೆ ಕೂತ ಹಾಗಾಗ್ಬೇಕು. ಎರಡೂ ಪಾದ ನೆಲದ ಮೇಲೆ ಪೂರ್ತಿ ಊರ್ಬೇಕು."

ಇಳಿಸಿದರು. "ಇನ್ನೂ ಸ್ವಲ್ಪ" ಅಂದಳು. ಮತ್ತೆ ಇಳಿಸಿದರು. "ಇನ್ನೊಂಚೂರು."

"ಇನ್ನು ಇಳಿಸಿದ್ರೆ ಪೈಪು ಪಾತಾಳಕ್ಕೆ ಹೋಗುತ್ತೆ ಕಣೇ!" ಎಂದು ಗಂಡ ಸ್ಪ್ಯಾನರ್ ಕೆಳಗಿಟ್ಟರು. ಟೈಲರಮ್ಮ ಕೂತು ನೋಡಿದಳು. ಮಂಡಿ ಮಡಚಿಕೊಂಡು, ಪಾದ ನೆಲಕ್ಕೂರಿ, ಸ್ಟೂಲಿನಷ್ಟೇ ಭದ್ರವಾಗಿತ್ತು. ಅವಳಿಗೆ ಸಮಾಧಾನವಾಯಿತು.

ಒಂದು ವಾರ ಬಿದ್ದು ಎದ್ದು, ಎದ್ದು ಬಿದ್ದು, ಮೊಣಕೈ ತರಚಿಕೊಂಡು ಕಲಿತಳು. ಏಳನೇ ದಿನ ಗಂಡ ಹಿಂದಿನಿಂದ ಕೈಬಿಟ್ಟದ್ದು ಗೊತ್ತಾಗದೆ ಬೀದಿಯ ಕೊನೆಯವರೆಗೂ ಹೋದವಳು, ಅಲ್ಲಿಂದಲೇ ಕೂಗಿದಳು: "ಅತ್ತೇ! ತುಳಿದ್ರೆ ಮುಂದಕ್ಕೆ ಹೋಗುತ್ತೇ!" ಅಂಗಡಿಗಳವರೆಲ್ಲ ಹೊರಗೆ ಬಂದು ನೋಡಿದರು. ಸೈಕಲ್ ಮತ್ತೇನು ಮಾಡುತ್ತದೆ ಎಂದು ಅವರಿಗೆ ನಗು. ಟೈಲರಮ್ಮನಿಗೆ ಮಾತ್ರ ಕಣ್ಣಲ್ಲಿ ನೀರೇ ಬಂದಿತ್ತು, ಅಷ್ಟು ಖುಷಿ.

ಆಮೇಲೆ ಅವಳು ಭಾನುವಾರದ ಗುಂಪಿಗೆ ಸೇರಿದಳು. ದೊಡ್ಡ ಪಟಾಲಮ್ಮೇನಲ್ಲ: ಬೇಕರಿಯವನು, ಅಂಚೆ ಕಚೇರಿಯ ಅಕ್ಕತಂಗಿಯರು, ವಿಮಾ ಕಚೇರಿಯ ಅಧಿಕಾರಿ, ಹೀಗೆ ಏಳೆಂಟು ಜನ. ವಾರವೆಲ್ಲ ಕೂತು ಕೆಲಸ ಮಾಡುವವರು, ಭಾನುವಾರ ಬೆಳಿಗ್ಗೆ ಗಾಳಿ ಕುಡಿಯಲು ಹೊರಡುತ್ತಿದ್ದರು. ಪ್ರತಿಸಲವೂ ಕೊನೆಗೆ ನೀರಿನ ಟ್ಯಾಂಕಿನ ದಿಬ್ಬ. ಬುಡದಿಂದ ತುದಿಯವರೆಗೆ ಹನ್ನೊಂದು ಲೈಟು ಕಂಬ. ನಾಲ್ಕನೇ ಕಂಬದ ಹತ್ತಿರ ತಿರುವು ಇರುವುದರಿಂದ ಮೇಲಿದ್ದವರಿಗೆ ಕೆಳಗಿನವರು ಕಾಣುವುದಿಲ್ಲ, ಕೆಳಗಿನವರಿಗೆ ಮೇಲಿನವರು ಕಾಣುವುದಿಲ್ಲ. ಅದಕ್ಕೇ ಗುಂಪಿನಲ್ಲೊಂದು ಕಟ್ಟಳೆ. ಹತ್ತಲಾರದೆ ಯಾರು ಕಾಲು ಕೆಳಗಿಡುತ್ತಾರೋ ಅವರು ಮೂರು ಸಲ ಗಂಟೆ ಬಾರಿಸಬೇಕು. ಬಿದ್ದಿಲ್ಲ, ಇಳಿದು ತಳ್ಳಿಕೊಂಡು ಬರುತ್ತಿದ್ದೇನೆ, ಗಾಬರಿಯಾಗಬೇಡಿ ಎಂದು ಅರ್ಥ. ಮೇಲಿದ್ದವರು ಅದಕ್ಕೆ ಚಪ್ಪಾಳೆ ತಟ್ಟುತ್ತಿದ್ದರು.

ಎರಡು ವರ್ಷದಲ್ಲಿ ಉಳಿದವರೆಲ್ಲ ಒಬ್ಬೊಬ್ಬರಾಗಿ ಗಂಟೆ ಬಾರಿಸುವುದನ್ನು ಬಿಟ್ಟರು. ಟೈಲರಮ್ಮ ಬಿಡಲಿಲ್ಲ. ಆರನೇ ಕಂಬ ಬಂತೆಂದರೆ ತೊಡೆ ಹೊತ್ತಿ ಉರಿಯುವುದು, ಮಂಡಿ ಕೈಮುಗಿಯುವುದು, ಕಾಲು ತಾನಾಗಿ ನೆಲಕ್ಕೆ ಬರುವುದು. ಟ್ರಿಣ್, ಟ್ರಿಣ್, ಟ್ರಿಣ್. ಮೇಲಿಂದ ಚಪ್ಪಾಳೆ. ಗುಂಪಿನಲ್ಲಿ ಅವಳ ಹೆಸರೇ ಗಂಟೆಯಕ್ಕ ಎಂದಾಯಿತು. ಪ್ರೀತಿಯಿಂದಲೇ ಕರೆಯುತ್ತಿದ್ದರು, ಇಲ್ಲವೆನ್ನಲಾಗದು. ಆದರೂ ಆ ಚಪ್ಪಾಳೆ ಕೇಳಿದಾಗಲೆಲ್ಲ ಅವಳ ಮುಖ ಸಣ್ಣದಾಗುತ್ತಿತ್ತು.

ವಿಮಾ ಕಚೇರಿಯ ಅಧಿಕಾರಿಗೆ ಗುಂಪಿನಲ್ಲಿ ಮಾತ್ರೆ ಮಹಾರಾಜ ಎಂಬ ಬಿರುದು. ಸೊಂಟದ ಚೀಲದಲ್ಲಿ ವಾರದ ಏಳು ದಿನಕ್ಕೂ ಏಳು ಮನೆಯಿದ್ದ ಒಂದು ಡಬ್ಬಿ, ಒಂದೊಂದು ಮನೆಯಲ್ಲೂ ಬಣ್ಣಬಣ್ಣದ ವಿಟಮಿನ್ ಮಾತ್ರೆ. ದಿಬ್ಬದ ಮೇಲೆ ಎಲ್ಲರೂ ನೀರು ಕುಡಿದರೆ ಅವರು ಮಾತ್ರೆ ನುಂಗುವರು. ಒಳ್ಳೆಯ ಮನುಷ್ಯ, ಆದರೆ ಸಲಹೆ ಕೊಡದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ.

"ಅಕ್ಕ, ನಿಮ್ಮದು ವಿಟಮಿನ್ ಕೊರತೆ," ಎಂದರು ಒಂದು ಭಾನುವಾರ. "ಮುಖ ನೋಡಿದ್ರೇ ಗೊತ್ತಾಗುತ್ತೆ. ಸೈಕಲ್ ತುಳಿಯೋರು ಬರೀ ಊಟ ನಂಬ್ಕೊಂಡ್ರೆ ಆಗಲ್ಲ. ನನ್ನ ನೋಡಿ, ದಿನಕ್ಕೆ ಒಂಬತ್ತು!"

"ಒಂಬತ್ತು ನುಂಗಿದ್ರೆ ದಿಬ್ಬ ಹತ್ತಬಹುದಾ ಸಾರ್?"

"ದಿಬ್ಬ ಏನು, ಟ್ಯಾಂಕೇ ಹತ್ತಬಹುದು!"

ಎಲ್ಲರೂ ನಕ್ಕರು. ಟೈಲರಮ್ಮನಿಗೆ ಅದೇನು ಹುಕಿ ಬಂತೋ, ಎದ್ದು ನಿಂತು, ಕೈಯಲ್ಲಿದ್ದ ನೀರಿನ ಬಾಟಲಿ ಮೇಲೆತ್ತಿ, "ಸರಿ ಹಾಗಾದ್ರೆ, ನಾನೂ ನುಂಗ್ತೀನಿ. ಎರಡು ತಿಂಗಳು ಟೈಮ್ ಕೊಡಿ. ಅಷ್ಟರಲ್ಲಿ ಕಾಲು ಕೆಳಗಿಡದೆ ಹತ್ತದಿದ್ರೆ, ಈ ಸೈಕಲ್‌ನ ಗುಜರಿಗೆ ಹಾಕಿ ಮತ್ತೆ ಸ್ಟೂಲಿನ ಮೇಲೆ ಹೋಗಿ ಕೂತ್ಕೋತೀನಿ!" ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹಸಿರು ಸೈಕಲ್ಲಿಲ್ಲದ ಭಾನುವಾರವನ್ನು ಅವಳಿಂದ ಊಹಿಸಲೂ ಆಗುತ್ತಿರಲಿಲ್ಲ.

ಮರುದಿನ ಔಷಧಿ ಅಂಗಡಿಗೆ ಹೋಗಿ ಐದು ಡಬ್ಬಿ ತಂದು ಮೆಷಿನ್ನಿನ ಪಕ್ಕ ಸಾಲಾಗಿ ಇಟ್ಟಳು. ಎ, ಬಿ, ಸಿ, ಡಿ, ಇ. ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಏನೇ ಇದು, ಈ ವಯಸ್ಸಲ್ಲಿ ಇಂಗ್ಲಿಷ್ ಅಕ್ಷರಾಭ್ಯಾಸ?"

"ಶಕ್ತಿಗೆ ಅತ್ತೆ."

"ಎಫ್ ತರಲಿಲ್ವಾ?"

"ಎಫ್ ಇಲ್ವಂತೆ."

"ಅಯ್ಯೋ, ಪಾಠ ಅರ್ಧಕ್ಕೇ ನಿಂತ್ಹೋಯ್ತಲ್ಲ," ಎಂದು ಅತ್ತೆ ದಾರ ಕಚ್ಚಿ ಕತ್ತರಿಸಿದರು.

ಭಾನುವಾರ ಬೆಳಿಗ್ಗೆಯಂತೂ ಟೈಲರಮ್ಮ ತಿಂಡಿಯನ್ನೇ ಬಿಟ್ಟಳು. ಎಲ್ಲ ಶಕ್ತಿಯೂ ಮಾತ್ರೆಯಲ್ಲೇ ಇರುವಾಗ ಹೊಟ್ಟೆ ಭಾರ ಮಾಡಿಕೊಂಡು ದಿಬ್ಬ ಹತ್ತುವ ಕರ್ಮ ಯಾಕೆ ಎಂದು ಅವಳ ಲೆಕ್ಕ. ಐದು ಮಾತ್ರೆ, ಒಂದು ಚೊಂಬು ನೀರು, ಹೊರಟಳು. ಐದನೇ ಕಂಬಕ್ಕೇ ಟ್ರಿಣ್ ಟ್ರಿಣ್ ಟ್ರಿಣ್. ಮುಂದಿನ ವಾರವೂ ಐದೇ. "ಮೈಗೆ ಹಿಡಿಯೋಕೆ ಟೈಮ್ ಬೇಕು ಅಕ್ಕ, ಎರಡೆರಡು ತಗೊಳ್ಳಿ," ಎಂದರು ಮಹಾರಾಜ. ಎರಡೆರಡು ತೆಗೆದುಕೊಂಡಳು. ನಾಲ್ಕನೇ ಕಂಬದ ತಿರುವಿನಲ್ಲೇ ಕಣ್ಣು ಕತ್ತಲೆ ಬಂತು.

ಅದಾದ ಎರಡು ದಿನಕ್ಕೆ ಬೆಳಿಗ್ಗೆ ಬಚ್ಚಲಮನೆಯಿಂದ ಟೈಲರಮ್ಮ ಬೊಬ್ಬೆ ಹೊಡೆದುಕೊಂಡು ಹೊರಗೆ ಬಂದಳು. "ರೀ! ನನ್ನ ಕಥೆ ಮುಗೀತು! ಹಳದಿ! ಅಚ್ಚ ಹಳದಿ!"

ಹಲ್ಲುಜ್ಜುತ್ತಿದ್ದ ಗಂಡನಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಾಯಿಯ ನೊರೆಯೊಂದಿಗೇ, "ಕಾಮಾಲೆ ಇರಬಹುದಾ?" ಎಂದರು. ಅತ್ತೆ ಸೊಸೆಯನ್ನು ಕಿಟಕಿಗೆ ಎಳೆದು, ರೆಪ್ಪೆ ಬಿಡಿಸಿ, ಬಟ್ಟೆ ಪರೀಕ್ಷಿಸುವ ಹಾಗೆ ಕಣ್ಣು ನೋಡಿದರು. "ಕಣ್ಣು ಬೆಳ್ಳಗೇ ಇದೆ. ಆದ್ರೂ ಡಾಕ್ಟರ ಹತ್ರ ನಡಿ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಇದು ಅಂಗೈ ಅಲ್ವಲ್ಲ."

ಬೀದಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟರಮ್ಮನಿಗೆ ಬಿಳಿ ಕೋಟು ಹೊಲಿದು ಕೊಡುವವಳು ಟೈಲರಮ್ಮನೇ. ಅವರು ಎಲ್ಲ ಕೇಳಿ, ರಕ್ತ ಪರೀಕ್ಷೆ ಮಾಡಿಸಿ, ಎರಡು ದಿನ ಬಿಟ್ಟು ಕರೆದರು. ಟೈಲರಮ್ಮ ಗಂಡನ ಕೈ ಹಿಡಿದುಕೊಂಡೇ ಒಳಗೆ ಹೋದಳು.

"ಏನೂ ಆಗಿಲ್ಲ ನಿಮಗೆ," ಎಂದರು ಡಾಕ್ಟರು. "ಆ ಹಳದಿ ಬಿ ವಿಟಮಿನ್ ಮಾತ್ರೆದು. ಮೈಗೆ ಬೇಡವಾದದ್ದು ಮೂತ್ರದಲ್ಲಿ ಹೊರಗೆ ಹೋಗ್ತಿದೆ, ಅಷ್ಟೇ."

"ಹಂಗಾದ್ರೆ ಕೊರತೆ ಯಾವುದು ಡಾಕ್ಟ್ರೇ?"

"ಯಾವುದೂ ಇಲ್ಲ. ಕಬ್ಬಿಣ ಸರಿಯಾಗಿದೆ, ಬಿ ಹನ್ನೆರಡು ಸರಿಯಾಗಿದೆ, ಡಿ ಸರಿಯಾಗಿದೆ."

ಟೈಲರಮ್ಮನಿಗೆ ಖುಷಿಯಾಗಲಿಲ್ಲ. ಕೊರತೆಯೇ ಇಲ್ಲದ ಮೇಲೆ ತುಂಬುವುದೇನನ್ನು? ದಿಬ್ಬ ಹತ್ತುವುದು ಹೇಗೆ? ಡಾಕ್ಟರು ತಮ್ಮ ಕೋಟಿನ ಗುಂಡಿ ಹಿಡಿದು ತೋರಿಸಿದರು. "ನೋಡಿ, ಇದಕ್ಕೆ ನೀವು ಐದು ಗುಂಡಿ ಹಾಕಿದ್ದೀರಿ. ಒಂದು ಬಿದ್ದುಹೋದ್ರೆ ಬಂದು ಹಾಕಿಸ್ಕೋತೀನಿ, ಹಾಕಿಸ್ಕೊಳ್ಳಲೇಬೇಕು. ಆದ್ರೆ ಐದೂ ಗಟ್ಟಿಯಾಗಿರೋವಾಗ ಇನ್ನೂ ಇಪ್ಪತ್ತು ಗುಂಡಿ ಹೊಲಿದ್ರೆ ಕೋಟು ಬೆಚ್ಚಗಾಗುತ್ತಾ? ವಾರಕ್ಕೊಂದು ದಿನ ಸಂತೋಷಕ್ಕೆ ಸೈಕಲ್ ತುಳಿಯೋರಿಗೆ, ಚೆನ್ನಾಗಿ ಉಂಡು ತಿಂದು ಮಾಡ್ತಿದ್ರೆ, ಮಾತ್ರೆ ಬೇಕಾಗಲ್ಲ. ಎ, ಡಿ ಅಂತೂ ಜಾಸ್ತಿ ನುಂಗಿದ್ರೆ ಹೊರಗೂ ಹೋಗಲ್ಲ, ಒಳಗೇ ಕೂತು ಕಾಟ ಕೊಡುತ್ತೆ. ಅದಿರಲಿ, ಭಾನುವಾರ ಹೊರಡೋ ಮುಂಚೆ ಏನು ತಿಂತೀರಿ?"

"ಮಾತ್ರೆ."

"ಅದರ ಜೊತೆಗೆ?"

"ನೀರು."

ಡಾಕ್ಟರು ಪೆನ್ನು ಕೆಳಗಿಟ್ಟು ನಗತೊಡಗಿದರು. ಗಂಡನೂ ನಕ್ಕರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅತ್ತೆ ಆಮೇಲೆ ಆ ಬೀದಿಗೆಲ್ಲ ಸಾರಿದರು. ಅಷ್ಟಕ್ಕೇ ಬಿಡದೆ, ಐದೂ ಡಬ್ಬಿಗಳ ಮಾತ್ರೆ ಕಸಕ್ಕೆ ಸುರಿದು, ತೊಳೆದು ಒಣಗಿಸಿ, ಒಂದರಲ್ಲಿ ಅಂಗಿಯ ಗುಂಡಿ, ಒಂದರಲ್ಲಿ ಕೋಟಿನ ಗುಂಡಿ, ಹೀಗೆ ತುಂಬಿಟ್ಟರು. "ಡಬ್ಬಿಗೆ ಕೊಟ್ಟ ದುಡ್ಡು ದಂಡ ಆಗಲಿಲ್ಲ ಬಿಡು," ಎಂದರು.

ತಿಂಡಿ ತಿಂದು, ಹೊರಡುವಾಗ ಬುಟ್ಟಿಯಲ್ಲಿ ಎರಡು ಬಾಳೆಹಣ್ಣು ಇಟ್ಟುಕೊಂಡು ಹೋದ ಭಾನುವಾರ ಟೈಲರಮ್ಮ ಎಂಟನೇ ಕಂಬ ಮುಟ್ಟಿದಳು! ಅಲ್ಲಿಂದಲೇ ಎಷ್ಟು ಖುಷಿಯಿಂದ ಗಂಟೆ ಬಾರಿಸಿದಳೆಂದರೆ ಮೇಲಿದ್ದವರು ಯಾರೋ ಗೆದ್ದರೆಂದುಕೊಂಡರು. ಆದರೆ ಮುಂದಿನ ವಾರವೂ ಎಂಟೇ. ಅದರ ಮುಂದಿನ ವಾರವೂ ಎಂಟೇ. ಇನ್ನು ಮೂರು ಕಂಬ, ಕೈಗೆ ಬಂದ ತುತ್ತು ಬಾಯಿಗೆ ಬರಲೊಲ್ಲದು. ಎರಡು ತಿಂಗಳ ಗಡುವಿಗೆ ಒಂದೇ ಭಾನುವಾರ ಉಳಿಯಿತು. ಗುಂಪಿನವರು, "ಅಕ್ಕ, ತಮಾಷೆಗೆ ಹೇಳಿದ ಮಾತು, ಬಿಟ್ಬಿಡಿ" ಎಂದರು. ಟೈಲರಮ್ಮ ಬಿಡುವ ಪೈಕಿಯಲ್ಲ. ನಾಳೆ ಕೊಡುತ್ತೇನೆಂದ ಬಟ್ಟೆಯನ್ನು ಒಂದು ದಿನವೂ ನಾಡಿದ್ದಿಗೆ ದಾಟಿಸಿದವಳಲ್ಲ ಅವಳು. ಆಡಿದ ಮಾತು ಆಡಿದ್ದೇ.

ಶನಿವಾರ ಮಧ್ಯಾಹ್ನ ಅವಳು ಮೆಷಿನ್ನಿನ ಮುಂದೆ ಮುಖ ಊದಿಸಿಕೊಂಡು ಕೂತಿದ್ದಳು. ಹೊಲಿಗೆ ಎರಡು ಸಲ ಸೊಟ್ಟಗಾಗಿ ಎರಡು ಸಲವೂ ಬಿಚ್ಚಿದ್ದಳು. ಅತ್ತೆ ಮೂಲೆಯಲ್ಲಿ ರಿಪೇರಿ ಗಂಟು ಬಿಚ್ಚಿದರು. ಮೇಲೆ ಬಂದದ್ದು ಮಾತ್ರೆ ಮಹಾರಾಜರ ಸೈಕಲ್ ಪ್ಯಾಂಟು, ಸೊಂಟ ಸಡಿಲಿಸಲು ಕೊಟ್ಟಿದ್ದರು. ಅದರ ಕೆಳಗೆ ಟೈಲರಮ್ಮನದೇ ಸೈಕಲ್ ಪ್ಯಾಂಟು, ಮಂಡಿಗೆ ತೇಪೆ ಹಾಕಲು.

"ಮೂರನೇ ಸಲ ಕಣೇ ನಿನ್ನ ಮಂಡಿ ಹರಿಯೋದು," ಎಂದ ಅತ್ತೆ ಎರಡು ಪ್ಯಾಂಟನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಒಮ್ಮೆ ಇದನ್ನು ನೋಡಿದರು, ಒಮ್ಮೆ ಅದನ್ನು. ಮೂಗಿನ ಹತ್ತಿರ ತಂದು ನೋಡಿದರು.

"ಬಾ ಇಲ್ಲಿ. ಇದು ನೋಡು, ಆ ಮಾತ್ರೆ ಮನುಷ್ಯಂದು. ಕೂರೋ ಕಡೆ ಸವೆದಿದೆ, ಮಂಡಿ ಹೊಸದರ ಹಾಗಿದೆ. ಅಂದ್ರೆ ಕಾಲು ಚೆನ್ನಾಗಿ ಚಾಚ್ತಾನೆ. ನಿಂದು ನೋಡು. ಮಂಡಿ ಉಬ್ಬಿ ತೆಳ್ಳಗಾಗಿದೆ, ತೊಡೆ ಸಂದಿ ಮಡಿಕೆ ಬಿದ್ದು ಹರೀತಿದೆ. ನಿನ್ನ ಕಾಲು ಒಂದು ಸಲಾನೂ ನೆಟ್ಟಗಾಗಿಲ್ಲ. ಇದು ಸೈಕಲ್ ಪ್ಯಾಂಟೇ ಅಲ್ಲ ಕಣೇ. ಮೆಷಿನ್ ಮುಂದೆ ಕೂರೋರ ಪ್ಯಾಂಟು."

"ಅತ್ತೆ, ಅದು ನಾನು ಅಂಗಡೀಲಿ ಹಾಕಿದ್ದೇ ಇಲ್ಲ."

"ಅದನ್ನೇ ಹೇಳ್ತಿರೋದು. ಸೈಕಲ್ ಮೇಲೂ ನೀನು ಅಂಗಡೀಲೇ ಕೂತಿದೀಯ!"

ಟೈಲರಮ್ಮ ಗೋಡೆಗೊರಗಿದ್ದ ಹಸಿರು ಸೈಕಲ್ಲನ್ನು ನೋಡಿದಳು, ತನ್ನ ಸ್ಟೂಲನ್ನು ನೋಡಿದಳು. ಇನ್ನೂ ಸ್ವಲ್ಪ, ಇನ್ನೊಂಚೂರು ಎಂದು ಎರಡು ವರ್ಷದ ಹಿಂದೆ ಗಂಡನನ್ನು ಪೀಡಿಸಿದ್ದು ನೆನಪಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಾನು ಅದಕ್ಕಿಂತ ಒಂದು ಕೈ ಮೇಲೆ, ರಕ್ತ ಡೊಂಕು ಎಂದುಬಿಟ್ಟಿದ್ದಳು.

ಅತ್ತೆ ಕೊರಳಿನಿಂದ ಅಳತೆ ಟೇಪು ತೆಗೆದರು. "ಗೋಡೆಗೆ ಬೆನ್ನು ಕೊಟ್ಟು ನಿಂತ್ಕೋ. ಕಾಲಿನ ಒಳ ಅಳತೆ ಎಷ್ಟು ನಿಂದು?"

"ಗೊತ್ತಿಲ್ಲ ಅತ್ತೆ."

"ಪುಸ್ತಕ ನೋಡು."

ಅಳತೆ ಪುಸ್ತಕದಲ್ಲಿ ಊರೇ ಇತ್ತು. ಡಾಕ್ಟರು ಇದ್ದರು, ಬೇಕರಿಯವನಿದ್ದ, ಮಾತ್ರೆ ಮಹಾರಾಜರ ಸೊಂಟ ಮೂರು ಕಡೆ ತಿದ್ದಿಸಿಕೊಂಡು ಇತ್ತು, ಆ ಮುದಿ ನಾಯಿಯೂ ಇತ್ತು. ಟೈಲರಮ್ಮ ಇರಲಿಲ್ಲ. ತನ್ನ ಬಟ್ಟೆಯನ್ನು ಹಳೇ ಬಟ್ಟೆಯ ಮೇಲಿಟ್ಟು ಕತ್ತರಿಸಿಕೊಳ್ಳುವುದೇ ಅವಳ ರೂಢಿ. ದೀಪದ ಬುಡದಲ್ಲೇ ಕತ್ತಲು. ಅತ್ತೆ ಪುಸ್ತಕದ ಹಾಳೆಗಳನ್ನು ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ತಿರುವಿ ನೋಡಿದರು. ಆಮೇಲೆ ಕಷ್ಟಪಟ್ಟು ನೆಲಕ್ಕೆ ಮಂಡಿಯೂರಿ ಅಳೆದು, ಹೊಸ ಪುಟ ತಿರುಗಿಸಿ, "ಸೊಸೆ" ಎಂದು ದಪ್ಪಕ್ಷರದಲ್ಲಿ ಬರೆದರು.

"ಇಪ್ಪತ್ತೆಂಟು ವರ್ಷ ಆಯ್ತಲ್ಲೇ. ನನಗಾದ್ರೂ ಹೊಳೀಬೇಕಿತ್ತು," ಎಂದರು.

ಸಂಜೆ ಗಂಡ ಬಂದದ್ದೇ ಸ್ಪ್ಯಾನರ್ ಹೊರಬಂತು. ಪೆಡಲ್ಲು ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು, ಆದರೂ ಹೊಲಿಗೆಯಲ್ಲಿ ಬಿಡುವಷ್ಟು ಸಡಿಲ ಇರಬೇಕು ಎಂದು ಅತ್ತೆಯ ಅಪ್ಪಣೆ. ಸೀಟು ಏರಿತು, ಏರಿತು, ಒಂದು ಗೇಣು ಏರಿತು. ಗೋಡೆ ಹಿಡಿದು ಹತ್ತಿ ಕೂತ ಟೈಲರಮ್ಮ ಕೆಳಗೆ ನೋಡಿ ಕಿರುಚಿದಳು. "ರೀ! ಕಾಲಿಗೆ ನೆಲ ಸಿಕ್ತಿಲ್ಲ!"

"ಹೆಬ್ಬೆರಳ ತುದಿ ತಾಗುತ್ತಲ್ಲ."

"ಹೆಬ್ಬೆರಳಲ್ಲಿ ಬದುಕೋಕಾಗುತ್ತಾ?"

ಬೀದಿಯಲ್ಲಿ ಗಂಡ ಹಿಂದೆ ಹಿಡಿದುಕೊಂಡು ನಾಲ್ಕು ಸುತ್ತು ಓಡಿದರು. ತುಳಿಯುವುದು ಬೆಣ್ಣೆಯ ಹಾಗೆ ಸಲೀಸಾಗಿತ್ತು. ಇಳಿಯುವಾಗ ಮಾತ್ರ ಪ್ರತಿಸಲವೂ ಗಂಡನೇ ಹಿಡಿದು ಇಳಿಸಬೇಕಾಯಿತು. ಕೊನೆಗೆ ಅವರು ಏದುಸಿರು ಬಿಡುತ್ತಾ, "ಹತ್ತೋದು ಬಂತಲ್ಲ, ಇಳಿಯೋದು ನಾಳೆ ನೋಡ್ಕೊಂಡ್ರಾಯ್ತು ಬಿಡೇ," ಎಂದು ಜಗಲಿಯ ಮೇಲೆ ಕುಸಿದರು.

ಭಾನುವಾರ ಗಂಡ ಗೆಳೆಯನ ಕಾರು ಕೇಳಿ ತಂದು ಅತ್ತೆಯನ್ನು ದಿಬ್ಬದ ಬುಡಕ್ಕೆ ಕರೆದುಕೊಂಡು ಬಂದಿದ್ದರು. ಗುಂಪಿನ ಉಳಿದವರು ಮುಂದೆ ಹತ್ತಿ ತಿರುವಿನಾಚೆ ಮರೆಯಾದರು. ಬೇಕರಿಯವನು ಮಾತ್ರ ಅವಳ ಜೊತೆಗಿರಲು ಹಿಂದುಳಿದ. ಟೈಲರಮ್ಮ ಒಂದೇ ಒಂದು ಸಲ ಅತ್ತೆಯ ಕಡೆ ನೋಡಿ ತುಳಿದಳು.

ಒಂದು, ಎರಡು, ಮೂರು. ತಿರುವು ದಾಟಿತು. ಆರನೇ ಕಂಬ ಬಂದದ್ದೇ ಗೊತ್ತಾಗಲಿಲ್ಲ. ಎಂಟರ ಹತ್ತಿರ ತೊಡೆಗಳು ಹಳೇ ರಾಗ ತೆಗೆದವು, ಉಸಿರು ಗಂಟಲಿಗೆ ಬಂತು, ಎರಡು ವರ್ಷದ ರೂಢಿಯಂತೆ ಎಡಗಾಲು ಪೆಡಲ್ಲು ಬಿಟ್ಟು ನೆಲ ಹುಡುಕಿಕೊಂಡು ಹೋಯಿತು. ನೆಲ ಇದ್ದರೆ ತಾನೆ? ಕಾಲು ಗಾಳಿಯಲ್ಲಿ ತಡಕಾಡಿತು, ಸೈಕಲ್ ಆ ಕಡೆ ಈ ಕಡೆ ಓಲಾಡಿತು. "ಅಯ್ಯಯ್ಯಯ್ಯೋ!" ಎಂದು ಟೈಲರಮ್ಮ ಕಾಲನ್ನು ಮತ್ತೆ ಪೆಡಲ್ಲಿನ ಮೇಲಿಟ್ಟು ಎದ್ದೆನೋ ಬಿದ್ದೆನೋ ಎಂದು ತುಳಿದಳು. ತುಳಿದ ಕೂಡಲೇ ಸೈಕಲ್ ನೆಟ್ಟಗಾಯಿತು.

"ಅಕ್ಕಾ, ಮುಖ ಕೆಂಪಾಗಿದೆ, ಇಳೀರಿ ಇಳೀರಿ!" ಎಂದ ಬೇಕರಿಯವನು.

"ಇಳಿಯೋಕೆ ಬರಲ್ಲ ಕಣಪ್ಪಾ!"

ಅವನಿಗೆ ನಗು ತಡೆಯಲಾಗಲಿಲ್ಲ. ಅವನು ನಕ್ಕದ್ದು ಕೇಳಿ ಅವಳಿಗೂ ನಗು ಬಂತು. ಏದುಸಿರು, ನಗು, ಅಳು ಎಲ್ಲ ಒಂದೇ ಗಂಟಲಿನಲ್ಲಿ. ನಿಂತರೆ ಬೀಳುತ್ತೇನೆ, ಬೀಳಬಾರದೆಂದರೆ ತುಳಿಯಬೇಕು, ಬೇರೆ ದಾರಿಯೇ ಇಲ್ಲ. ಒಂಬತ್ತು. ಹತ್ತು. ನಗುತ್ತಲೇ ಹನ್ನೊಂದನೇ ಕಂಬವನ್ನು ದಾಟಿ ಟ್ಯಾಂಕಿನ ಮುಂದಿನ ಬಯಲಿಗೆ ನುಗ್ಗಿದಳು.

ಮೇಲಿದ್ದವರು ಗಂಟೆಗಾಗಿ ಕಾಯುತ್ತಾ ಚಪ್ಪಾಳೆಗೆ ಕೈ ಸಿದ್ಧ ಮಾಡಿಕೊಂಡು ನಿಂತಿದ್ದರು. ಗಂಟೆ ಬರಲಿಲ್ಲ, ಗಂಟೆಯಕ್ಕನೇ ಬಂದಳು. ಎಲ್ಲರೂ ಬಿಟ್ಟ ಬಾಯಿ ಬಿಟ್ಟಂತೇ ಇರುವಾಗ ಅವಳು ಅವರ ಮುಂದಿನಿಂದಲೇ ಹಾದು ಟ್ಯಾಂಕನ್ನು ಸುತ್ತಿ ಮತ್ತೆ ಬಂದಳು. "ಪಕ್ಕಕ್ಕೆ! ಪಕ್ಕಕ್ಕೆ! ನಿಲ್ಸೋಕೆ ಬರಲ್ಲ!" ಎಂದು ಗಂಟೆ ಬಾರಿಸತೊಡಗಿದಳು. ಟ್ರಿಣ್ ಟ್ರಿಣ್ ಟ್ರಿಣ್, ಟ್ರಿಣ್ ಟ್ರಿಣ್ ಟ್ರಿಣ್ ಟ್ರಿಣ್. ಗಾಬರಿಯಲ್ಲಿ ಮಹಾರಾಜರ ಕೈಯಿಂದ ಡಬ್ಬಿ ಜಾರಿ ವಾರದ ಏಳು ದಿನವೂ ನೆಲದ ಪಾಲಾಯಿತು. ಟೈಲರಮ್ಮನ ಚಕ್ರಗಳು ಸೋಮವಾರದಿಂದ ಶುಕ್ರವಾರದವರೆಗೆ ಚಟಪಟನೆ ಪುಡಿ ಮಾಡಿದವು. ಅಂಚೆ ಕಚೇರಿಯ ಅಕ್ಕತಂಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮಹಾರಾಜರೇ ಹಿಂದೆ ಓಡಿ, ಎರಡು ಸುತ್ತು ಓಡಿ, ಕೊನೆಗೆ ಸೈಕಲ್ಲನ್ನು ಹಿಡಿದು ನಿಲ್ಲಿಸಿದ ಪುಣ್ಯಾತ್ಮರು.

"ಅಕ್ಕ," ಎಂದರು ಅವರು ದಮ್ಮು ಹತ್ತಿ, "ಯಾವ ಮಾತ್ರೆ ಅದು? ನನಗೂ ಹೇಳಿ."

"ಸ್ಪ್ಯಾನರ್ ಸಾರ್," ಎಂದಳು ಟೈಲರಮ್ಮ. "ಒಂದೇ ಒಂದು ಸಲ. ಅದಕ್ಕೆ ಮುಂಚೆ ತಿಂಡಿ ತಿನ್ನಬೇಕು."

ಅವರೇ ಹತ್ತಿಸಿ ಕೂರಿಸಿದ ಮೇಲೆ ಬ್ರೇಕು ಹಿಡಿದು ಹಿಡಿದು ಕೆಳಗಿಳಿದಳು. ಬುಡದಲ್ಲಿ ಗಂಡ ಎರಡೂ ಕೈ ಚಾಚಿ ನಿಂತು ಅವಳನ್ನೂ ಸೈಕಲ್ಲನ್ನೂ ಒಟ್ಟಿಗೇ ತಬ್ಬಿ ಹಿಡಿದರು. ಅತ್ತೆ ಕಾರಿನಿಂದಿಳಿದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದರು. ಕೈಯಲ್ಲಿ ಅಳತೆ ಟೇಪು ಮುದ್ದೆಯಾಗಿತ್ತು, ಕಣ್ಣು ಒದ್ದೆಯಾಗಿತ್ತು.

"ಮೂರು ಕೇಳಿಸ್ತು ಕಣೇ," ಎಂದರು. "ಎದೆ ಧಸಕ್ ಅಂತು. ಇವನಿಗೆ ಹೇಳ್ದೆ, ಗುಜರಿಯವನು ಬಂದ್ರೆ ಬಾಗಿಲು ಹಾಕೋ, ಅವಳೇನಾದ್ರೂ ಹೇಳ್ಕೊಳ್ಳಲಿ, ಸೈಕಲ್ ನಾನು ಕೊಡಲ್ಲ ಅಂತ. ಅಷ್ಟರಲ್ಲಿ ನಾಲ್ಕನೇದು ಕೇಳಿಸ್ತು. ಐದು. ಆರು. ಆಮೇಲೆ ನಾನು ಎಣಿಸೋದೇ ಬಿಟ್ಟೆ."

ಅತ್ತೆ ಎದ್ದು ಬಂದು ಸೀಟಿನ ಎತ್ತರಕ್ಕೆ ಟೇಪು ಹಿಡಿದು ನೋಡಿದರು, ಇಳಿದಿದೆಯೇನೋ ಎಂಬಂತೆ. ಇಳಿದಿರಲಿಲ್ಲ. ಆಮೇಲೆ ದಿಬ್ಬದ ಮೇಲಕ್ಕೆ, ಕಂಬಗಳ ಸಾಲು ತಿರುವಿನಲ್ಲಿ ಮರೆಯಾಗುವ ಕಡೆಗೆ ನೋಡಿದರು.

"ನಾನೇನೂ ನೋಡಲೇ ಇಲ್ಲ, ಬರೀ ಕೇಳಿದ್ದು. ಕಾರಲ್ಲಿ ನನ್ನನ್ನ ಮುಂಚೆ ಮೇಲಕ್ಕೆ ಕರ್ಕೊಂಡು ಹೋಗ್ತಾನೆ ಇವನು. ನೀನು ಇನ್ನೊಂದು ಸಲ ಹತ್ತಿ ಬಾ."

"ಈಗಲೇನಾ ಅತ್ತೆ?"

ಅತ್ತೆ ಟೇಪನ್ನು ಕೊರಳಿಗೆ ಹಾಕಿಕೊಂಡು, ಸೊಸೆಯ ಬೆನ್ನಿನ ಮೇಲೆ ಕೈಯಿಟ್ಟರು.

"ಹೂಂ, ತುಳಿ."